ಸ್ಲೋ ಏರಿಸೋದು ರಿಪೇರಿ ಅಲ್ಲ

ಭಾಗ 1/9

ಮೊದಲನೇ ಫೋಟೋ ನೋಡ್ರಿ. ಟ್ಯಾಂಕಿನ ಬಣ್ಣ ಹೋಗೇತಿ, ಮೊಣಕಾಲು ತಿಕ್ಕಿ ತಿಕ್ಕಿ ಎರಡೂ ಕಡೆ ತಗಡು ಬೆಳ್ಳಗ ಕಾಣ್ತೈತಿ. ಆದ್ರ "ಹೀರೋ ಹೋಂಡಾ" ಅನ್ನೋ ಅಕ್ಷರ ಇನ್ನೂ ಹಂಗ ಅದಾವ. 2008ರ ಸ್ಪ್ಲೆಂಡರ್. ನಮ್ಮಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 2023ರಾಗ ಹದಿನೈದು ವರ್ಷ ತುಂಬಿತು, ಆರ್.ಸಿ. ರಿನೀವಲ್ ಮಾಡಿಸಿ ಮತ್ತ ಐದು ವರ್ಷ ಓಡಸಾಕ ಪರವಾನಗಿ ತಗೊಂಡ್ವಿ. ದಿನಾ ಮುಂಜಾನೆ ಹಾಲಿನ ಕ್ಯಾನ್ ಕಟಗೊಂಡು ರೋಣಕ್ಕ ಹೋಗೂದು ಇದೇ ಗಾಡಿ. ಎರಿ ಹೊಲಕ್ಕ ಹೋಗೂದೂ ಇದೇ, ಗಜೇಂದ್ರಗಡದ ಸಂತಿಗೆ ಹೋಗೂದೂ ಇದೇ.

ಹೋದ ವರ್ಷ ಯುಗಾದಿ ಮುಂದ ಗಾಡಿ ಒಂದು ಚಾಳಿ ಕಲೀತು. ಓಡುವಾಗ ಏನೂ ತೊಂದ್ರಿ ಇಲ್ಲ. ನಿಂತ್ರ ಮಾತ್ರ ಒದ್ದಾಟ. ಡುಗು ಡುಗು ಡುಗು ಅಂತಿದ್ದದ್ದು ಒಮ್ಮೆ ಏರ್ತೈತಿ, ಒಮ್ಮೆ ಇಳಿತೈತಿ, ಆಮ್ಯಾಲ ಉಸಿರು ಕಟ್ಟಿದಂಗಾಗಿ ಬಂದ್ ಬೀಳ್ತೈತಿ. ನಮ್ಮ ಕಡೆ ಗ್ಯಾರೇಜ್ ಭಾಷಾದಾಗ ಇದಕ್ಕ "ಗಾಡಿ ಸ್ಲೋ ನಿಂದ್ರವಲ್ದು" ಅಂತಾರ. ಪುಸ್ತಕದಾಗ ಐಡಲ್ ಅಂತ ಬರದಿರ್ತಾರ. ಎರಡೂ ಒಂದೇ.

ಈ ಒಂಬತ್ತು ಪೋಸ್ಟಿನಾಗ ನಾನು ಹೇಳೂದು ಒಂದೇ ಮಾತು. ಸ್ಲೋ ನಿಂದ್ರದ ಗಾಡಿಗೆ ಸ್ಕ್ರೂ ತಿರುವಿ ಸ್ಲೋ ಏರಿಸಿ ಕೊಡೂದು ರಿಪೇರಿ ಅಲ್ಲ. ಅದು ಗಾಡಿ ಬಾಯಿ ಮುಚ್ಚಸೂದು. ನಾನೂ ಮುಚ್ಚಿಸಿದ್ದೆ. ಅದರ ಫಲ ನಮ್ಮವ್ವ ಉಂಡಳು. ಅದಕ್ಕ ಬರೀಲಿಕ್ಕತ್ತೀನಿ.

ಭಾಗ 2/9

ನಾನು ಐಟಿಐ ಮೋಟಾರ್ ಮೆಕ್ಯಾನಿಕ್ ಟ್ರೇಡಿನ ಹುಡುಗ ಅನ್ನೋದು ನಿಮಗೆಲ್ಲಾ ಗೊತ್ತು. ಬ್ಯಾಚಿನ ದೋಸ್ತರಿಗಂತೂ ನನ್ನ ಗರ್ವಾನೂ ಗೊತ್ತು. ಅಪ್ಪ "ತಮ್ಮಾ, ಗಾಡಿ ಯಾಕೋ ನಿಂತಲ್ಲೇ ಸಾಯಾಕತ್ತೈತಿ, ನೋಡಲಾ" ಅಂದಾಗ ನಾನು ಎರಡು ನಿಮಿಷಾನೂ ಯೋಚನಿ ಮಾಡ್ಲಿಲ್ಲ. ಸ್ಕ್ರೂಡ್ರೈವರ್ ತಗೊಂಡೆ, ಕಾರ್ಬೋರೇಟರಿನ ಸ್ಲೋ ಸ್ಕ್ರೂ ಒಂದೂವರೆ ಸುತ್ತು ಒಳಗ ತಿರುವಿದೆ. ಗಾಡಿ ಜೋರಾಗಿ ನಿಂತ್ಕೊಂಡ್ತು. ಅಪ್ಪನ ಮುಖ ಅರಳಿತು. ನಾನೂ ಫುಲ್ ಖುಷ್.

ಒಂದು ವಾರಕ್ಕ ಮತ್ತ ಅದೇ ಹಾಡು. ಈ ಸಲ ಪ್ಲಗ್ ಬದಲಿಸಿದೆ. ಮತ್ತ ಹಂಗ. ಆಮ್ಯಾಲ ಮೊಬೈಲ್‌ನಾಗ ಹುಡುಕಿ ಒಂದು ಡುಪ್ಲಿಕೇಟ್ ಕಾರ್ಬೋರೇಟರ್ ತರಿಸಿ ಕೂಡಿಸಿದೆ. ಅಪ್ಪ ಹಾಲಿನ ರೊಕ್ಕದಾಗ ಕೊಟ್ಟದ್ದು ಎಲ್ಲಾ ಸೇರಿ ಎರಡು ಸಾವಿರ ದಾಟ್ತು. ಗಾಡಿ ಮಾತ್ರ ಅದೇ ಗಾಡಿ. ಕಡೀಕ ಸ್ಕ್ರೂ ಇನ್ನೂ ಒಂದು ಸುತ್ತು ಒಳಗ ಹೋತು.

ಈಗ ಹೊಸಾ ಚಾಳಿ ಸುರು ಆತು. ರೇಸ್ ಬಿಟ್ರೂ ಇಂಜಿನ್ ಲಗೂ ಇಳಿಯಂಗಿಲ್ಲ. ಕೈ ಬಿಟ್ಟ ಮ್ಯಾಲೂ ಎರಡು-ಮೂರು ಸೆಕೆಂಡು ಅದೇ ಜೋರು. ಅವತ್ತು ಕಾಲಕಾಲೇಶ್ವರನ ದರ್ಶನಾ ಮುಗಿಸಿ ಅವ್ವನ್ನ ಹಿಂದ ಕೂಡಿಸ್ಕೊಂಡು ವಾಪಸ್ ಗಜೇಂದ್ರಗಡಕ್ಕ ಹೊಂಟಿದ್ದೆ. ಇಳಿಜಾರು. ಮುಂದ ಎತ್ತಿನ ಬಂಡಿ. ರೇಸ್ ಬಿಟ್ಟೆ, ಗಾಡಿ ಬಿಡಲಿಲ್ಲ. ಬ್ರೇಕ್ ಒತ್ತಿದೆ, ಅಲ್ಲಿದ್ದ ಉಸುಕಿನ್ಯಾಗ ಹಿಂದಿನ ಗಾಲಿ ಜಾರಿತು. ಬಂಡಿಗೆ ಬಡೀಲಿಲ್ಲ, ಅದೊಂದು ಪುಣ್ಯ. ಅವ್ವ ಎಡಗೈ ಊರಿ ಬಿದ್ದಳು. ಮುಂಗೈ ಬಾತು ಒಂದು ತಿಂಗಳು ರೊಟ್ಟಿ ಬಡೀಲಿಕ್ಕೆ ಆಗಲಿಲ್ಲ.

ಅವ್ವ ನನಗ ಒಂದು ಮಾತೂ ಅನ್ಲಿಲ್ಲ. "ಹಳೇ ಗಾಡಿ, ಏನ್ ಮಾಡೂದು" ಅಂದಳು. ತಪ್ಪು ಹಳೇ ಗಾಡೀದಲ್ಲ ಅನ್ನೋದು ನನಗೊಬ್ಬನಿಗೇ ಗೊತ್ತಿತ್ತು.

ಭಾಗ 3/9

ಹಂಗಾದ್ರ ಸ್ಲೋ ಅಂದ್ರ ಏನು? ಇದನ್ನ ತಿಳ್ಕೊಳ್ಳದ ಸ್ಕ್ರೂ ಮುಟ್ಟಬಾರದು, ಅದಕ್ಕ ಸ್ವಲ್ಪ ತಾಳ್ಮಿಯಿಂದ ಓದ್ರಿ.

ನೀವು ರೇಸ್ ಪೂರಾ ಬಿಟ್ಟಾಗ ಕಾರ್ಬೋರೇಟರಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿರ್ತೈತಿ. ಇಂಜಿನ್ನಿಗೆ ಹೋಗೂದು ಚೂರು ಗಾಳಿ, ಚೂರು ಪೆಟ್ರೋಲ್. ಆ ಪೆಟ್ರೋಲ್ ಬರೂದು ಪೈಲಟ್ ಜೆಟ್ ಅನ್ನೋ, ಸೂಜಿ ಮೊನೆಯಷ್ಟು ಸಣ್ಣ ತೂತಿನಿಂದ. ಸಣ್ಣ ಬೈಕುಗಳಲ್ಲಿ ಈ ಹೊತ್ತಿಗೆ ಇಂಜಿನ್ ನಿಮಿಷಕ್ಕ ಸುಮಾರು 1400 ಸುತ್ತು ತಿರುಗ್ತಿರ್ತೈತಿ. ಅಂದ್ರ ತನ್ನನ್ನ ತಾನು ಜೀವಂತ ಇಟ್ಕೊಳ್ಳಾಕ ಎಷ್ಟು ಬೇಕೋ ಅಷ್ಟೇ ಶಕ್ತಿ. ಮಿಗತೆ ಒಂದು ಚೂರೂ ಇಲ್ಲ.

ಓಡುವಾಗ ಹಂಗಲ್ಲ. ಗಾಳಿ ಭಾಳ, ಪೆಟ್ರೋಲ್ ಭಾಳ, ವೇಗದ ಜೋರು ಬ್ಯಾರೆ. ಒಂದು ಸಣ್ಣ ಕೊರತೆ ಇದ್ರೂ ಆ ಜೋರಿನ್ಯಾಗ ಮುಚ್ಚಿ ಹೋಗ್ತೈತಿ. ನಿಂತಾಗ ಮುಚ್ಚಾಕ ಏನೂ ಇರಂಗಿಲ್ಲ. ಎಲ್ಲೋ ಕೂದಲೆಳೆಯಷ್ಟು ಗಾಳಿ ಸೋರಿದ್ರೂ, ಜೆಟ್ಟಿನಾಗ ಚೂರು ಕಸ ಸಿಕ್ಕಿದ್ರೂ, ಪ್ಲಗ್ ಕಿಡಿ ಹತ್ತರಾಗ ಒಂದು ಸಲ ತಪ್ಪಿದ್ರೂ ಸ್ಲೋ ಅದನ್ನ ಹೇಳೇ ಹೇಳ್ತೈತಿ.

ಅದಕ್ಕ ನನ್ನ ಅಭಿಪ್ರಾಯ: ಹಳೇ ಗಾಡಿಯೊಳಗ ಅತಿ ಪ್ರಾಮಾಣಿಕ ಸಾಕ್ಷಿ ಅಂದ್ರ ಸ್ಲೋ. ಡಾಕ್ಟ್ರು ನಾಡಿ ಹಿಡಿದಂಗ ನಾವು ಸ್ಲೋ ಕೇಳಬೇಕು. ಜ್ವರಾ ಬಂದಾಗ ಥರ್ಮಾಮೀಟರ್ ಮುರದ್ರ ಜ್ವರಾ ಇಳಿಯಂಗಿಲ್ಲ. ಸ್ಲೋ ಸ್ಕ್ರೂ ತಿರುವಿ ನಾನು ಮಾಡಿದ್ದೂ ಅಷ್ಟೇ.

ಭಾಗ 4/9

ಅವ್ವ ಬಿದ್ದ ಮ್ಯಾಲ ನಾನು ಆ ಗಾಡಿ ಮುಟ್ಟಾಕ ಹೆದರಿದೆ. ಆ ವಾರ ನರಗುಂದಕ್ಕ ಅತ್ತಿ ಮನಿಗೆ ಹೋಗೂದಿತ್ತು. ಅಪ್ಪನೇ ಗಾಡಿ ಹೊಡದ. ಹುಬ್ಬಳ್ಳಿ-ವಿಜಯಪುರ ರಸ್ತೆ ಊರೊಳಗ ಹಾಯ್ದು ಹೋಗ್ತದಲ್ಲ, ಆ ಟ್ರಾಫಿಕ್‌ನಾಗ ಮತ್ತ ಬಂದ್ ಬಿತ್ತು. ಹಿಂದ ಲಾರಿ ಹಾರ್ನ್. ತಳ್ಳಿಕೊಂಡು ಬಾಜೂಕ ಒಂದು ಸಣ್ಣ ಗ್ಯಾರೇಜಿಗೆ ಹೋದ್ವಿ. ಬೋರ್ಡೂ ಇಲ್ಲದ ಗ್ಯಾರೇಜ್. ಅಲ್ಲಿ ಒಬ್ರು ವಯಸ್ಸಾದ ಕಾಕಾ.

ಕಾಕಾ ಪಾನಾ ಮುಟ್ಟಲಿಲ್ಲ. ಮೊದಲು ಪ್ರಶ್ನಿ ಕೇಳಿದ್ರು.

"ತಂಪು ಇದ್ದಾಗ ಹಿಂಗ ಮಾಡ್ತೈತೋ, ಬಿಸಿ ಆದ ಮ್ಯಾಲೋ?"
"ಓಡುವಾಗ ಎಳೀತೈತೋ ಇಲ್ಲೋ?"
"ಇದು ಸುರು ಆಗೂಕಿಂತ ಮುಂಚೆ ಏನು ಬಿಚ್ಚಿದ್ರಿ?"

ಮೂರನೇ ಪ್ರಶ್ನಿಗೆ ನಾನು ತಲಿ ತಗ್ಗಿಸಿದೆ. ಯಾಕಂದ್ರ ಯುಗಾದಿ ಮುಂದ, ಕಾಲೇಜಿನಾಗ ಕಲತದ್ದು ತೋರಿಸೋ ಹುಮ್ಮಸ್ಸಿನ್ಯಾಗ, ಕಾರ್ಬೋರೇಟರ್ ಬಿಚ್ಚಿ ತೊಳದು ಕೂಡಿಸಿದಾಂವ ನಾನೇ. ರೋಗ ಸುರು ಆದದ್ದು ಅದರ ಮರುದಿನ. ಎರಡು ತಿಂಗಳು ನನಗ ಆ ಎರಡು ಸಂಗತಿ ಜೋಡಿಸಬೇಕು ಅನ್ನಿಸಿರಲಿಲ್ಲ.

ದೋಸ್ತರ, ಈ ಮೂರು ಪ್ರಶ್ನಿ ಬರದಿಟ್ಕೊಳ್ರಿ. ತಂಪಿನ್ಯಾಗ ಮಾತ್ರ ತೊಂದ್ರಿ ಅಂದ್ರ ಪೆಟ್ರೋಲ್ ಕಡಿಮಿ ಬರಾಕತ್ತೈತಿ ಅನ್ನೋ ಸಂಶಯ, ಇಲ್ಲಾ ಚೋಕ್ ನೋಡಬೇಕು. ಬಿಸಿ ಆದ ಮ್ಯಾಲ ಮಾತ್ರ ಅಂದ್ರ ಟಾಪೆಟ್ ಬಿಗಿ ಆಗಿರಬಹುದು, ಕಾಯಿಲ್ ಸೋಲ್ತಿರಬಹುದು. ಓಡುವಾಗಲೂ ಎಳಿಯಂಗಿಲ್ಲ ಅಂದ್ರ ಅದು ಬರೇ ಸ್ಲೋ ರೋಗ ಅಲ್ಲ, ದೊಡ್ಡದೇನೋ ಐತಿ. ಗಾಡಿ ಮಾಲಕನ ಬಾಯಿಂದ ಅರ್ಧ ಉತ್ತರ ಪುಕ್ಕಟೆ ಸಿಗ್ತೈತಿ. ನಾವು ಕೇಳಂಗಿಲ್ಲ, ಅಷ್ಟೇ.

ಭಾಗ 5/9

ಆಮ್ಯಾಲ ಕಾಕಾ ಮಾಡಿದ್ದು ರೊಕ್ಕಾ ಖರ್ಚಿಲ್ಲದ ಪರೀಕ್ಷಾ. ಒಂದೊಂದಾಗಿ ಹೇಳ್ತೀನಿ. ಪಾನಾ ಹಿಡಿಯೂಕಿಂತ ಮುಂಚೆ ನೀವೂ ಮಾಡ್ರಿ. ಒಂದು ಎಚ್ಚರಿಕಿ: ಗಾಡಿ ಬಯಲಾಗ ನಿಲ್ಲಿಸಿ ಚಾಲೂ ಮಾಡ್ರಿ. ಬಾಗಿಲು ಹಾಕಿದ ಶೆಡ್ಡಿನಾಗ ಹೊಗಿ ಕುಡಕೊಂತ ನಿಂದರಬ್ಯಾಡ್ರಿ. ಆ ಹೊಗಿಯೊಳಗಿನ ವಿಷಕ್ಕ ವಾಸನಿ ಇರಂಗಿಲ್ಲ.

ಮೊದಲನೇದು, ಹ್ಯಾಂಡಲ್ ಪರೀಕ್ಷಾ. ಗಾಡಿ ಸ್ಲೋದಾಗ ಇಟ್ಟು ಹ್ಯಾಂಡಲ್ ಪೂರಾ ಎಡಕ್ಕ, ಪೂರಾ ಬಲಕ್ಕ ತಿರುವ್ರಿ. ಸಪ್ಪಳ ಏರಿದ್ರ ರೇಸಿನ ಕೇಬಲ್ ಎಲ್ಲೋ ಬಿಗಿ ಹಿಡದೈತಿ. ಕೇಬಲ್ ಸರಿ ಮಾಡ್ರಿ, ಕಾರ್ಬೋರೇಟರ್ ಪಾಪ, ಅದನ್ನ ಬಿಡ್ರಿ.

ಎರಡನೇದು, ಟ್ಯಾಂಕಿನ ಮುಚ್ಚಳ. ಸ್ವಲ್ಪ ಹೊತ್ತು ಓಡಿ ಬಂದ್ ಬಿದ್ರ ಮುಚ್ಚಳ ತಗದು ನೋಡ್ರಿ. ಸುಯ್ ಅಂತ ಗಾಳಿ ಒಳಗ ಎಳಕೊಂಡ್ತು, ಆಮ್ಯಾಲ ಗಾಡಿ ಸರಿ ಆತು ಅಂದ್ರ ಮುಚ್ಚಳದ ಗಾಳಿ ತೂತು ಮಣ್ಣಿನಿಂದ ಮುಚ್ಚೇತಿ.

ಮೂರನೇದು, ಏರ್ ಫಿಲ್ಟರ್. ನಮ್ಮ ಎರಿ ಮಣ್ಣಿನ ಧೂಳು ಹಿಟ್ಟಿನಂಗ ಸಣ್ಣದು. ಕಡ್ಲಿ ರಾಶಿ ಹೊತ್ತಿನ್ಯಾಗ ಹೊಲದ ದಾರಿ ಓಡ್ಯಾಡೋ ಗಾಡಿ ಫಿಲ್ಟರ್ ತಗದು ನೋಡ್ರಿ, ಜ್ವಾಳದ ಹಿಟ್ಟು ಜರಡಿ ಹಿಡದಂಗ ಉದುರ್ತೈತಿ. ಪುಸ್ತಕದಾಗ ಇಷ್ಟು ಕಿಲೋಮೀಟರಿಗೆ ಬದಲಿಸ್ರಿ ಅಂತ ಇರೂದು ಡಾಂಬರು ರಸ್ತೆ ಗಾಡಿಗೆ. ಧೂಳಿನ ಊರಾಗ ಅದಕ್ಕಿಂತ ಲಗೂನ ನೋಡಬೇಕು.

ನಾಲ್ಕನೇದು, ಪ್ಲಗ್ ಬಣ್ಣ. ತಿಳಿ ಕಂದು ಇದ್ರ ಚಲೋ. ಕರೇ ಮಸಿ ಕಟ್ಟಿದ್ರ ಪೆಟ್ರೋಲ್ ಹೆಚ್ಚು, ಇಲ್ಲಾ ಫಿಲ್ಟರ್ ಕಟ್ಟೇತಿ. ಬೆಳ್ಳಗ ಬೂದಿಯಂಗ ಇದ್ರ ಗಾಳಿ ಹೆಚ್ಚು. ಎಣ್ಣಿ ಜಿಡ್ಡು ಇದ್ರ ಇಂಜಿನ್ ಒಳಗಿನ ಸವೆತ.

ಐದನೇದು, ಚೋಕ್. ಬಿಸಿ ಗಾಡಿ ಸ್ಲೋದಾಗ ಒದ್ದಾಡುವಾಗ ಚೋಕ್ ಅರ್ಧ ಎಳೀರಿ. ಸ್ಲೋ ಸುಧಾರಿಸಿತು ಅಂದ್ರ ಇಂಜಿನ್ನಿಗೆ ಪೆಟ್ರೋಲ್ ಕಡಿಮಿ ಸಿಗಾಕತ್ತೈತಿ, ಇಲ್ಲಾ ಎಲ್ಲಿಂದಲೋ ಕಳ್ಳ ಗಾಳಿ ನುಗ್ಗಾಕತ್ತೈತಿ. ಇನ್ನೂ ಕೆಟ್ಟಿತು ಅಂದ್ರ ಮೊದಲೇ ಪೆಟ್ರೋಲ್ ಹೆಚ್ಚಾಗೇತಿ. ಒಂದು ಕಡ್ಡಿ ಎಳದ್ರ ಅರ್ಧ ದಾರಿ ಸಾಗಿತು.

ಕಾಕಾ ನಮ್ಮ ಗಾಡಿ ಚೋಕ್ ಎಳದ್ರು. ಒದ್ದಾಡತಿದ್ದ ಇಂಜಿನ್ ಕೂಸು ಮಲಗಿದಂಗ ಶಾಂತ ಆತು. ಕಾಕಾ ನಕ್ಕು "ಹವಾ ಕುಡಿಯಾಕತ್ತೈತಿ" ಅಂದ್ರು.

ಭಾಗ 6/9

ಈ ಕಳ್ಳ ಗಾಳಿ ಹುಡುಕೂದು ಹೆಂಗ? ಕೆಲವರು ಪೆಟ್ರೋಲ್ ಚಿಮುಕಿಸಿ ನೋಡ್ತಾರ, ಕೆಲವರು ಕ್ಲೀನರ್ ಸ್ಪ್ರೇ ಹೊಡಿತಾರ. ಬಿಸಿ ಸೈಲೆನ್ಸರ್ ಬಾಜೂಕ ಪೆಟ್ರೋಲ್! ದಯವಿಟ್ಟು ಮಾಡಬ್ಯಾಡ್ರಿ. ಕಾಕಾ ತಗೊಂಡದ್ದು ಕಟಿಂಗ್ ಅಂಗಡ್ಯಾಗ ತಲಿಗೆ ನೀರು ಹೊಡಿಯೋ ಬಾಟಲಿ. ಬರೇ ನೀರು. ಕಾರ್ಬೋರೇಟರ್ ಮತ್ತು ಇಂಜಿನ್ ಕೂಡೋ ಜಾಗಕ್ಕ, ಆ ಪೈಪಿನ ಸಂದಿಗೆ ಮಾತ್ರ ಒಂದೆರಡು ಸಲ ಮಂಜಿನಂಗ ಹೊಡದ್ರು. ಪ್ಲಗ್ ಕಡೆ, ಬಿಸಿ ಹೆಡ್ ಕಡೆ ಹೊಡೀಲಿಲ್ಲ.

ಸಪ್ಪಳ ತಟ್ಟನ ಬದಲಾತು. ನೀರು ಆ ಸಂದಿ ಮುಚ್ಚಿದ ಒಂದು ಕ್ಷಣ ಸ್ಲೋ ಸರಿ ಆತು, ಮತ್ತ ಕೆಟ್ಟಿತು. ಮತ್ತೊಮ್ಮೆ ಹೊಡದ್ರು, ಮತ್ತ ಹಂಗ.

ಕಾರ್ಬೋರೇಟರ್ ಬಿಚ್ಚಿ ತೋರಿಸಿದ್ರು. ಮೂರನೇ ಫೋಟೋದಾಗ ನಾಣ್ಯದ ಬಾಜೂಕ ಇರೋ ಕರೇ ಉಂಗುರಾನೇ ಅದು. ಓ-ರಿಂಗ್. ಗುಂಡಗ ಇರಬೇಕಾದ ರಬ್ಬರು ವರ್ಷಾನುಗಟ್ಟಲೆ ಬಿಸಿಗೆ ಒತ್ತಿ ಚಪ್ಪಟಿ ಆಗೇತಿ, ಒಂದು ಕಡೆ ಸೀಳೇತಿ. ನಾನು ಯುಗಾದಿ ಮುಂದ ತೊಳದು ಕೂಡಸುವಾಗ ಅದೇ ಹಳೇದನ್ನ ಮತ್ತ ಹಾಕಿದ್ದೆ. ಹೊಸಾ ಡುಪ್ಲಿಕೇಟ್ ಕಾರ್ಬೋರೇಟರ್ ಕೂಡಿಸಿದಾಗಲೂ ಅದೇ ಉಂಗುರ! ಎರಡು ಸಾವಿರ ಖರ್ಚು ಮಾಡಿ ರೋಗ ಇದ್ದ ಜಾಗ ಬಿಟ್ಟು ಉಳಿದದ್ದೆಲ್ಲಾ ಬದಲಿಸಿದ್ದೆ.

ಹೊಸಾ ಉಂಗುರದ ರೊಕ್ಕ ಎಷ್ಟು ಗೊತ್ತೇನ್ರಿ? ಗಿರ್ಮಿಟ್ ಮ್ಯಾಲ ಎರಡು ಮಿರ್ಚಿ ತಿಂದು ಚಾ ಕುಡದಷ್ಟೂ ಆಗ್ಲಿಲ್ಲ.

ಈಗ ಇಳಿಜಾರಿನ ಕಥಿ ಅರ್ಥ ಮಾಡ್ಕೊಳ್ರಿ. ಇಂಜಿನ್ ನಿಂತಾಗ ಒಳಗ ಎಳೆತ ಜೋರು ಇರ್ತೈತಿ, ಸೀಳಿನಿಂದ ಲೆಕ್ಕಕ್ಕ ಸಿಗದ ಗಾಳಿ ಒಳಗ ಬರ್ತೈತಿ, ಪೆಟ್ರೋಲಿನ ಪಾಲು ಕಡಿಮಿ ಬೀಳ್ತೈತಿ, ಗಾಡಿ ಸಾಯ್ತೈತಿ. ನಾನು ಸ್ಕ್ರೂ ಒಳಗ ತಿರುವಿದಾಗ ಬಾಗಿಲು ಇನ್ನಷ್ಟು ತಗದಂಗಾತು. ಬಾಗಿಲೂ ತಗದೈತಿ, ಕಳ್ಳ ದಾರಿಯೂ ತಗದೈತಿ. ಹಂಗಾಗಿ ರೇಸ್ ಬಿಟ್ರೂ ಇಂಜಿನ್ ಇಳೀಲಿಲ್ಲ. ಸ್ಲೋ ನಿಂದ್ರದ ಗಾಡಿ ಹೆಚ್ಚಂದ್ರ ಬಂದ್ ಬೀಳ್ತಿತ್ತು. ನನ್ನ "ರಿಪೇರಿ" ಅದನ್ನ ನಿಲ್ಲದ ಗಾಡಿ ಮಾಡಿತು.

ಭಾಗ 7/9

ಎಲ್ಲಾ ಗಾಡಿ ರೋಗಾನೂ ಓ-ರಿಂಗ್ ಅಲ್ಲ. ನನ್ನ ಪೋಸ್ಟ್ ಓದಿ ನಾಳೆ ಎಲ್ಲಾರೂ ಓ-ರಿಂಗ್ ಬದಲಿಸಾಕ ಹೊಂಟ್ರ ನಾನು ಬರದದ್ದು ದಂಡ. ಹೇಳಬೇಕಾದ್ದು ಸಾಲು. ಅಗ್ಗದ್ದು ಮೊದಲು, ತುಟ್ಟೀದು ಆಮ್ಯಾಲ. ಬಿಚ್ಚದ ನೋಡೂದು ಮೊದಲು, ಬಿಚ್ಚೂದು ಆಮ್ಯಾಲ.

ಗಾಳಿ ಸೋರಿಕಿ ಇಲ್ಲ ಅಂತ ಖಾತ್ರಿ ಆದ ಮ್ಯಾಲ ಪೈಲಟ್ ಜೆಟ್ ನೋಡ್ರಿ. ತಂತಿ ಚುಚ್ಚಬ್ಯಾಡ್ರಿ. ಹಿತ್ತಾಳಿ ಮೆತ್ತಗಿನ ಲೋಹ, ತೂತು ಹಿಗ್ಗಿದ್ರ ಅಳತಿ ಕೆಟ್ಟು ಹೋಗ್ತೈತಿ. ತೊಳದು ಗಾಳಿ ಊದ್ರಿ, ಬೆಳಕಿಗೆ ಹಿಡದು ತೂತು ಕಾಣ್ತೈತೋ ನೋಡ್ರಿ.

ಆಮ್ಯಾಲ ಟಾಪೆಟ್. ಇದನ್ನ ಪೂರಾ ತಂಪಾದ ಇಂಜಿನ್ನಿನಾಗ, ಫೀಲರ್ ಗೇಜ್ ಹಾಕಿ, ಆ ಗಾಡಿ ಮ್ಯಾನುಯಲ್ ಹೇಳಿದ ಅಳತಿಗೇ ಇಡಬೇಕು. ಮಿಲಿಮೀಟರಿನ ನೂರರಾಗ ಕೆಲವೇ ಭಾಗದ ಲೆಕ್ಕ ಅದು, ಕೈ ಅಂದಾಜಿಗೆ ಸಿಗೂದಲ್ಲ. ಭಾಳ ಮಂದಿ "ಟಕ್ ಟಕ್ ಸಪ್ಪಳ ಬರ್ತೈತಿ, ಬಿಗಿ ಮಾಡ್ರಿ" ಅಂತ ಬರ್ತಾರ. ಸಪ್ಪಳ ಮಾಡೋ ಟಾಪೆಟ್ ಕಿರಿಕಿರಿ ಅಷ್ಟೇ. ಸಪ್ಪಳ ಪೂರಾ ನಿಂತ ಟಾಪೆಟ್ ಅಪಾಯ. ವಾಲ್ವ್ ಪೂರಾ ಮುಚ್ಚಂಗಿಲ್ಲ, ಬಿಸಿ ಆದಾಗ ಕಂಪ್ರೆಶನ್ ಸೋರ್ತೈತಿ, ಕಡೀಕ ವಾಲ್ವ್ ಸುಡ್ತೈತಿ. ಬಿಸಿ ಆದ ಮ್ಯಾಲ ಸ್ಲೋ ಸಾಯೋ ಗಾಡಿಗೆ ಇದನ್ನ ಮರೀಬ್ಯಾಡ್ರಿ.

ಆಮ್ಯಾಲ ಮಿಕ್ಸ್ಚರ್ ಸ್ಕ್ರೂ. ಮುಟ್ಟೂಕಿಂತ ಮುಂಚೆ ಅದು ಈಗ ಎಷ್ಟು ಸುತ್ತಿನ ಮ್ಯಾಲ ಐತಿ ಅಂತ ಎಣಿಸಿ ಬರದಿಡ್ರಿ. ಹಗೂರಕ ಒಳಗ ಕೂಡೂ ತನಕ ತಿರುವ್ರಿ, ಸುತ್ತು ಎಣಿಸ್ರಿ, ಮತ್ತ ಅಷ್ಟೇ ಹೊರಗ ತನ್ರಿ. ಸಾಮಾನ್ಯವಾಗಿ ಈ ಸ್ಕ್ರೂ ಫಿಲ್ಟರ್ ಕಡೆ ಇದ್ರ ಗಾಳೀದು, ಇಂಜಿನ್ ಕಡೆ ಇದ್ರ ಪೆಟ್ರೋಲಿಂದು. ಒಳಗ ತಿರುವಿದ್ರ ಎರಡೂ ಉಲ್ಟಾ ಕೆಲಸ ಮಾಡ್ತಾವ. ಇದು ಗೊತ್ತಿಲ್ಲದ ತಿರುವಿದಾಂವಗ ದೇವರೇ ಗತಿ.

ಎಲ್ಲಾ ಮುಗದ ಮ್ಯಾಲ, ಗಾಡಿ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಕಟ್ಟ ಕಡೀಕ ಸ್ಲೋ ಸ್ಕ್ರೂ. ನಾನು ಮೊದಲು ಮುಟ್ಟಿದ್ದು ಅದನ್ನೇ, ನೆನಪೈತಲ್ಲ? ಮೊದಲು ಮುಟ್ಟೂದು ಅದಲ್ಲ, ಕಡೀಕ ಮುಟ್ಟೂದು ಅದು.

ಒಂದು ಹೊತ್ತಿಗೆ ಒಂದೇ ಬದಲು. ಪ್ಲಗ್, ಫಿಲ್ಟರ್, ಜೆಟ್ ಎಲ್ಲಾ ಒಟ್ಟಿಗೆ ಬದಲಿಸಿದ್ರ ಗಾಡಿ ಸುಧಾರಿಸಬಹುದು. ಆದ್ರ ನೀವು ಏನೂ ಕಲಿಯಂಗಿಲ್ಲ, ಗಿರಾಕಿ ರೊಕ್ಕಾ ಮಾತ್ರ ಹೋಗ್ತೈತಿ.

ಭಾಗ 8/9

ಕಮೆಂಟಿನಾಗ ಬರೋ ಪ್ರಶ್ನಿ ನನಗ ಮೊದಲೇ ಗೊತ್ತೈತಿ: "ಬ್ರೋ, ಇದೆಲ್ಲಾ ಎಥನಾಲ್ ಪೆಟ್ರೋಲಿಂದು." ಅದನ್ನೂ ಮಾತಾಡೋಣ.

ಈಗ ಬಂಕಿನಾಗ ಸಿಗೂದು 20 ಭಾಗ ಎಥನಾಲ್ ಕೂಡಿದ ಪೆಟ್ರೋಲ್. ಮೊದಲು 2030ಕ್ಕ ಅಂತಿದ್ದ ಗುರಿಯನ್ನ ಸರ್ಕಾರ 2025ಕ್ಕ ಹಿಂದ ತಂತು. ಆ ಎಥನಾಲ್ ಕಬ್ಬಿನಿಂದ ಬರ್ತೈತಿ, ಮೆಕ್ಕೆಜೋಳದಿಂದಲೂ ಬರ್ತೈತಿ. ಅಂದ್ರ ನಮ್ಮಂಥಾ ಹೊಲದ್ದೇ ಬೆಳಿ ತಿರುಗಿ ನಮ್ಮ ಟ್ಯಾಂಕಿಗೆ ಬಂದೈತಿ. 2023ರ ಏಪ್ರಿಲ್‌ನಿಂದ ಬಂದ ಹೊಸಾ ಗಾಡಿಗಳ ರಬ್ಬರು, ಪೈಪು ಇದನ್ನ ತಡಕೊಳ್ಳೂಹಂಗ ಮಾಡ್ಯಾರ. 2008ರ ಗಾಡಿ ಮಾಡುವಾಗ ಈ ಲೆಕ್ಕ ಇರಲಿಲ್ಲ.

ಹಂಗಾಗಿ ಸಂಶಯ ಸುಳ್ಳಲ್ಲ. ಎಥನಾಲ್ ನೀರು ಎಳಕೊಳ್ತೈತಿ. ಭಾಳ ದಿನ ನಿಲ್ಲಿಸಿದ ಗಾಡಿ ಟ್ಯಾಂಕಿನ ತಳದಾಗ ನೀರಿನ ಪದರು ಕೂಡಬಹುದು. ಹಳೇ ರಬ್ಬರ್ ಉಬ್ಬಬಹುದು, ಬಿರಿಯಬಹುದು. ಟ್ಯಾಂಕಿನ ಹಳೇ ಕಿಟ್ಟ ಎದ್ದು ಜೆಟ್ಟಿಗೆ ಬರಬಹುದು. ಎಥನಾಲಿನೊಳಗೇ ಆಮ್ಲಜನಕ ಇರೂದಕ್ಕ ಹಳೇ ಜೆಟ್ಟಿನ ಅಳತಿಗೆ ಪೆಟ್ರೋಲಿನ ಪಾಲು ಸ್ವಲ್ಪ ಕಡಿಮಿ ಬಿದ್ದಂಗ ಆಗ್ತೈತಿ.

ಆದ್ರ "ಇರಬಹುದು" ಅನ್ನೂದು ಉತ್ತರ ಅಲ್ಲ, ಪರೀಕ್ಷಾಕ್ಕ ಕಾರಣ. ಕಾರ್ಬೋರೇಟರಿನ ತಳದ ಸ್ಕ್ರೂ ಸಡಲಿಸಿ ಒಂದು ಗಾಜಿನ ಸೀಸೆಗೆ ಪೆಟ್ರೋಲ್ ಹಿಡೀರಿ. ಅರ್ಧ ತಾಸು ಬಿಟ್ಟು ನೋಡ್ರಿ. ತಳದಾಗ ಬ್ಯಾರೆ ಪದರು, ಕೆಂಪು ಕಿಟ್ಟ ಕಂಡ್ರ ಆಗ ಹೇಳ್ರಿ. ಏನೂ ಇಲ್ಲಂದ್ರ ಸರ್ಕಾರನ್ನ ಬೈಯೂದು ಬಿಟ್ಟು ಫಿಲ್ಟರ್ ತಗೀರಿ. ನನ್ನ ಓ-ರಿಂಗನ್ನೂ ನಾನು ಎಥನಾಲ್ ತಲಿಗೆ ಕಟ್ಟಬಹುದಿತ್ತು. ಖರೇ ಹೇಳಬೇಕಂದ್ರ ಹದಿನೈದು ವರ್ಷದ ರಬ್ಬರು, ಬಿಚ್ಚಿ ಮತ್ತ ಅದನ್ನೇ ಹಾಕಿದ ನನ್ನ ಕೈ, ಇವೆರಡೇ ಸಾಕು.

ಇನ್ನ ಬ್ಯಾರೆ ಗಾಡಿ ಇದ್ದವರಿಗೆ ಎರಡು ಮಾತು. 2020ರ ಏಪ್ರಿಲ್ 1ಕ್ಕ ಬಿಎಸ್6 ಬಂದ ಮ್ಯಾಲ ಹೆಚ್ಚಿನ ಬೈಕಿನಾಗ ಕಾರ್ಬೋರೇಟರ್ ಹೋಗಿ ಇಂಜೆಕ್ಷನ್ ಬಂತು. ಅಲ್ಲಿ ಸ್ಲೋ ನೋಡ್ಕೊಳ್ಳೂದು ಕಂಪ್ಯೂಟರ್. ಮೀಟರಿನಾಗ ಇಂಜಿನ್ ದೀಪ ಏನು ಹೇಳ್ತೈತಿ ಅಂತ ಮೊದಲು ನೋಡ್ರಿ. ಟ್ರ್ಯಾಕ್ಟರ್ ಸ್ಲೋದಾಗ ಕುಣದ್ರ ಡೀಸೆಲ್ ಲೈನಿನಾಗ ಗಾಳಿ, ಫಿಲ್ಟರಿನಾಗ ನೀರು ಮೊದಲು ನೋಡ್ರಿ. ಇಂಜೆಕ್ಟರ್ ಬಾಯಿಗೆ ಬೆರಳು ಹಿಡಿಯಬ್ಯಾಡ್ರಿ, ಆ ಒತ್ತಡಕ್ಕ ಡೀಸೆಲ್ ಚರ್ಮದೊಳಗ ಹೋಗ್ತೈತಿ.

ಎಂಥಾ ಪೆಟ್ರೋಲ್ ಗಾಡಿ ಇದ್ರೂ ಹೊಗಿ ಪರೀಕ್ಷಾದ ಚೀಟಿ ಒಗೀಬ್ಯಾಡ್ರಿ. ಬೈಕಿನ ಆ ಪರೀಕ್ಷಾ ಮಾಡೂದೇ ಸ್ಲೋದಾಗ. ಸಿಒ ಹೆಚ್ಚಿದ್ರ ಪೆಟ್ರೋಲ್ ಹೆಚ್ಚು. ಸಿಒ ಕಡಿಮಿ ಇದ್ದು ಎಚ್‌ಸಿ ಹೆಚ್ಚಿದ್ರ ಗಾಳಿ ಹೆಚ್ಚಾಗಿ ಮಿಸ್ಸಿಂಗ್ ಆಗಾಕತ್ತಿರಬಹುದು. ನಾವು ದಂಡದ ಹೆದರಿಕಿಗೆ ಇಟ್ಕೊಳ್ಳೋ ಚೀಟಿ ಅದು. ಖರೇ ಅಂದ್ರ ಗಾಡೀದು ರಕ್ತ ಪರೀಕ್ಷಾದ ರಿಪೋರ್ಟ್.

ಭಾಗ 9/9

ಈಗ ಕಡೀ ಮಾತು. ಇದನ್ನ ಓದಿ ಯಾರೂ ಊರ ಮೆಕ್ಯಾನಿಕ್‌ಗಳನ್ನ ಬೈಬ್ಯಾಡ್ರಿ. ಸ್ಲೋ ಏರಿಸಿ ಕಳಸೋ ಮೆಕ್ಯಾನಿಕ್‌ನ ಹಿಂದ ಅವಸರದ ಗಿರಾಕಿ ಇರ್ತಾನ. "ಅಣ್ಣಾ, ಬಸ್ ಸ್ಟ್ಯಾಂಡಿಗೆ ಹೋಗೂದೈತಿ, ಲಗೂ ಏನರ ಮಾಡಿ ಕೊಡು" ಅನ್ನೋರು ನಾವೇ. ಹತ್ತು ನಿಮಿಷ ಪ್ರಶ್ನಿ ಕೇಳೋ ಮೆಕ್ಯಾನಿಕ್‌ಗೆ "ಬರೇ ಮಾತಾಡ್ತಾನ, ಕೆಲಸಾ ಮಾಡಂಗಿಲ್ಲ" ಅನ್ನೋರೂ ನಾವೇ. ಸಾಮಾನು ಬದಲಿಸಿದ್ರ ರೊಕ್ಕಾ ಕೊಡ್ತೀವಿ. ರೋಗ ಹುಡುಕಿದ್ದಕ್ಕ ಒಂದು ರೂಪಾಯಿ ಕೊಡಾಕೂ ನಮಗ ಜೀವ ಹೋಗ್ತೈತಿ. ಹಂಗಾದ್ರ ಅವ್ರು ಸಾಮಾನೇ ಬದಲಿಸ್ತಾರ. ತಪ್ಪು ಯಾರದು?

ಆ ದಿನ ನರಗುಂದದ ಕಾಕಾ ಉಂಗುರದ ರೊಕ್ಕ ಅಷ್ಟೇ ಕೇಳಿದ್ರು. ಅಪ್ಪ ಅದರ ಮ್ಯಾಲ ನೂರು ರೂಪಾಯಿ ಇಟ್ಟ. ಕಾಕಾ ಬ್ಯಾಡ ಅಂದ್ರು. ಅಪ್ಪ ಹೇಳಿದ ಮಾತು ನನಗ ಇವತ್ತಿಗೂ ನೆನಪೈತಿ: "ಇದು ಉಂಗುರದ್ದಲ್ರಿ, ಕೇಳಿದ ಪ್ರಶ್ನಿದು." ಎರಡು ತಿಂಗಳು ನಾನು ಕಳದ ರೊಕ್ಕದ ಬಗ್ಗೆ ಅಪ್ಪ ನನಗ ಏನೂ ಅಂದಿರಲಿಲ್ಲ. ಆ ಒಂದು ಮಾತಿನ್ಯಾಗ ಎಲ್ಲಾ ಬಂತು.

ನನ್ನ ಬ್ಯಾಚಿನವರಿಗೆ ಹೇಳೂದು ಇಷ್ಟೇ. ಮುಂದಿನ ವರ್ಷ ನಮ್ಮಾಗ ಕೆಲವರು ಹುಬ್ಬಳ್ಳಿ ಶೋರೂಮಿಗೆ ಹೋಗ್ತೀರಿ, ಕೆಲವರು ರೋಣದಾಗ, ಗಜೇಂದ್ರಗಡದಾಗ ಸ್ವಂತ ಗ್ಯಾರೇಜ್ ಹಾಕ್ತೀರಿ. ನಮ್ಮ ಕಡೆ ಬರೋ ಗಾಡಿ ಹೆಚ್ಚಿನವು ಹಳೇವೇ. ಹಾಲು ಹೊರೋವು, ಹೊಲಕ್ಕ ಹೋಗೋವು, ಕೂಸಿನ್ನ ದವಾಖಾನಿಗೆ ಒಯ್ಯೋವು. ಇಎಂಐ ಕಟ್ಟಿ ಹೊಸಾದು ತಗೊಳ್ಳಾಕ ಆಗದವರ ಗಾಡಿ ಅವು. ಅಂಥವರ ಎರಡು ಸಾವಿರ ಅಂದ್ರ ಬರೇ ಎರಡು ಸಾವಿರ ಅಲ್ಲ. ಅವರ ಗಾಡಿ ನಿಂತಾಗ ಏನೋ ಹೇಳಾಕತ್ತಿರ್ತೈತಿ. ಒಂದು ನಿಮಿಷ ಕಿವಿ ಕೊಡ್ರಿ, ಮೂರು ಪ್ರಶ್ನಿ ಕೇಳ್ರಿ, ಆಮ್ಯಾಲ ಪಾನಾ ಹಿಡೀರಿ. ಹಳೇ ರಬ್ಬರು ತಗದ್ರ ಹೊಸಾದು ಹಾಕ್ರಿ. ರೋಗ ಗೊತ್ತಾಗ್ಲಿಲ್ಲ ಅಂದ್ರ "ನನಗ ಗೊತ್ತಾಗವಲ್ದು" ಅಂತ ಹೇಳ್ರಿ. ಅದು ನಾಚಿಕಿ ಅಲ್ಲ. ನಾನು ಅವತ್ತು ಅಪ್ಪಗ ಹಂಗ ಹೇಳಿದ್ರ ಅವ್ವನ ಕೈ ಬಾಯ್ತಿರಲಿಲ್ಲ.

ಕಡೀ ಫೋಟೋ ಇವತ್ತು ಮುಂಜಾನೀದು. ಹಾಲಿನ ಕ್ಯಾನ್ ಕಟ್ಟಿ ಅಪ್ಪ ಹೊಂಟಾನ. ಗಾಡಿ ಚಾಲೂ ಮಾಡಿ, ಕ್ಯಾನಿನ ಹಗ್ಗ ಬಿಗಿ ಮಾಡೂ ತನಕ ಅದನ್ನ ಹಂಗ ಸ್ಲೋದಾಗ ಬಿಟ್ಟಿದ್ದ. ಫೋಟೋದಾಗ ಸಪ್ಪಳ ಕೇಳಂಗಿಲ್ಲ, ನಾ ಹೇಳ್ತೀನಿ: ಡುಗು ಡುಗು ಡುಗು ಡುಗು. ಒಂದೂ ತಪ್ಪಲಿಲ್ಲ.

ನಿಮ್ಮ ಮನಿ ಹಳೇ ಗಾಡಿ ನಿಂತಾಗ ಏನು ಹೇಳ್ತೈತಿ? ತಂಪಿನ್ಯಾಗೋ, ಬಿಸಿಯಾಗೋ, ಕಡೇ ಸಲ ಏನು ಬಿಚ್ಚಿದ್ರಿ, ಈ ಮೂರೂ ಬರದು ಕಮೆಂಟ್ ಹಾಕ್ರಿ. ಕೂಡಿ ಹುಡುಕೋಣು.

#ರೋಣ #ನರಗುಂದ #ಗಜೇಂದ್ರಗಡ #ಹಳೇಗಾಡಿ #ಸ್ಲೋನಿಂದ್ರವಲ್ದು #ಐಟಿಐಹುಡುಗರು